ಮಳೆನೀರು ವ್ಯವಸ್ಥೆ ಕೈಕೊಟ್ಟಾಗ: ಹಸಿರು ಕಟ್ಟಡಗಳಿಗೊಂದು ದೋಷ ನಿವಾರಣೆ ಕೈಪಿಡಿ

ಮಳೆನೀರಿನ ವ್ಯವಸ್ಥೆಯಲ್ಲಿ ತೊಂದರೆ ಕಾಣಿಸಿಕೊಳ್ಳುವ ಜಾಗ ಒಂದು, ಅದು ಹುಟ್ಟುವ ಜಾಗ ಇನ್ನೊಂದು. ಸಂಪಿನ ನೀರು ನಾರಿದರೆ ಸಂಪು ತೊಳೆಸುತ್ತಾರೆ. ಕಾರಣ ತಾರಸಿಯ ಹರಿದ ಜಾಲರಿಯಲ್ಲಿರುತ್ತದೆ, ಹಾಗಾಗಿ ತಿಂಗಳೊಳಗೆ ಮತ್ತೆ ನಾರುತ್ತದೆ. ಇಂಗುಗುಂಡಿ ಉಕ್ಕಿದರೆ ಇನ್ನಷ್ಟು ಆಳ ತೋಡಿಸುತ್ತಾರೆ. ಹೂಳು ಬರುತ್ತಿರುವುದು ಅಂಗಳದ ಬರಿ ಮಣ್ಣಿನಿಂದ, ಹಾಗಾಗಿ ಹೊಸ ಆಳವೂ ಹೂಳಿನಿಂದಲೇ ತುಂಬುತ್ತದೆ. ಆದ್ದರಿಂದ ಹುಡುಕಾಟ ಯಾವಾಗಲೂ ನೀರು ಬೀಳುವ ಕಡೆಯಿಂದ ಶುರುವಾಗಬೇಕು: ತಾರಸಿ, ದೋಣಿ (ಚಾವಣಿಯಂಚಿನ ನೀರು ಹಿಡಿಯುವ ಕಾಲುವೆ), ಇಳಿಪೈಪು, ಮೊದಲ ಮಳೆಯ ಕೊಳೆನೀರು ಬೇರ್ಪಡಿಸುವ ಪೈಪು, ಫಿಲ್ಟರ್, ತೊಟ್ಟಿ, ಓವರ್‌ಫ್ಲೋ, ಕೊನೆಗೆ ಇಂಗುಗುಂಡಿ.

ತೊಂದರೆ ಯಾವ ಹೊತ್ತಿಗೆ ಕಾಣಿಸುತ್ತದೆ ಎಂಬುದನ್ನು ಮೊದಲು ಗಮನಿಸಿ. ಮಳೆ ಸುರಿಯುತ್ತಿರುವಾಗಲೇ ಉಕ್ಕಿದರೆ ಹರಿಯುವ ದಾರಿ ಕಿರಿದಾಗಿದೆ ಅಥವಾ ಕಟ್ಟಿಕೊಂಡಿದೆ. ಮಳೆ ನಿಂತು ಎರಡು ದಿನವಾದರೂ ನೀರು ನಿಂತೇ ಇದ್ದರೆ ತೊಂದರೆ ಇರುವುದು ಇಂಗುವ ಅಥವಾ ಬಸಿದು ಹೋಗುವ ಕಡೆ. ಮಳೆಯೇ ಇಲ್ಲದ ವಾರಗಳಲ್ಲೂ ತೇವ ಆರದಿದ್ದರೆ ತೊಟ್ಟಿ ಸೋರುತ್ತಿರಬೇಕು, ಇಲ್ಲವೇ ಮಳೆನೀರಿಗೆ ಸಂಬಂಧವೇ ಇಲ್ಲದ ಪೈಪೊಂದು ಒಡೆದಿರಬೇಕು.

ಬಕೆಟ್, ಅಳತೆ ಟೇಪು, ಟಾರ್ಚು, ಸೀಮೆಸುಣ್ಣ, ಗಡಿಯಾರ, ಅಡುಗೆಗೆ ಬಳಸುವ ಬಣ್ಣ, ಉದ್ದದ ಹೋಸ್ ಪೈಪು. ಮುಕ್ಕಾಲು ಪಾಲು ದೋಷಗಳನ್ನು ಪತ್ತೆ ಹಚ್ಚಲು ಇಷ್ಟು ಸಾಕು.

## ಕೈ ಹಾಕುವ ಮೊದಲು

ಮುಚ್ಚಿದ ಸಂಪಿಗಾಗಲಿ ಆಳದ ಇಂಗುಗುಂಡಿಗಾಗಲಿ ಇಳಿಯಬೇಡಿ. ತಳದಲ್ಲಿ ಕೊಳೆಯುತ್ತಿರುವ ಎಲೆ, ಹೂಳು ಗಾಳಿಯ ಆಮ್ಲಜನಕವನ್ನು ತಿಂದುಹಾಕುತ್ತವೆ, ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಈ ಅನಿಲ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತೆಂದರೆ ಅಪಾಯ ಕಳೆಯಿತೆಂದು ಅರ್ಥವಲ್ಲ. ಒಳಗೆ ಬಿದ್ದವರನ್ನು ಎತ್ತಲು ಹಿಂದೆಯೇ ಇಳಿದವರೂ ಸಾಯುವುದು ಇಂಥ ಕಡೆಗಳಲ್ಲೇ. ಅನಿಲ ಅಳೆಯುವ ಉಪಕರಣ, ಗಾಳಿ ಊದುವ ಬ್ಲೋವರ್, ಇಡೀ ಮೈಗೆ ಕಟ್ಟುವ ಸುರಕ್ಷಾ ಪಟ್ಟಿ, ಹಗ್ಗ, ಮೇಲೆ ನಿಂತು ನೋಡಿಕೊಳ್ಳುವ ಜನ ಇರುವ ತಂಡದವರೇ ಆ ಕೆಲಸ ಮಾಡಬೇಕು.

ಮಳೆಗಾಲದಲ್ಲಿ ನೆಲದಡಿಯ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಬೇಡಿ. ಸುತ್ತಲಿನ ಅಂತರ್ಜಲ ಮೇಲೆ ಬಂದಿದ್ದರೆ ಖಾಲಿ ತೊಟ್ಟಿ ತೇಲಿ ಮೇಲೇಳುತ್ತದೆ, ಪೈಪುಗಳ ಜೋಡಣೆ ಕಿತ್ತುಹೋಗುತ್ತದೆ. ಪ್ಲಾಸ್ಟಿಕ್ ತೊಟ್ಟಿಗಳಿಗೆ ಈ ಅಪಾಯ ಇನ್ನೂ ಹೆಚ್ಚು.

ಪಂಪಿಗೆ ಕೈ ಹಾಕುವ ಮುನ್ನ ಸ್ವಿಚ್ ಆರಿಸಿದರೆ ಸಾಲದು, ಮುಖ್ಯ ಬೋರ್ಡಿನಲ್ಲೇ ಸಂಪರ್ಕ ಕಡಿಯಿರಿ. ಮಳೆ ಸುರಿಯುವಾಗ, ಗುಡುಗುವಾಗ ತಾರಸಿ ಹತ್ತಬೇಡಿ. ಆಗಿನ ಹರಿವನ್ನು ನೆಲದ ಮೇಲೆ ನಿಂತೇ ನೋಡಬಹುದು.

## ಮಳೆ ಸುರಿದರೂ ತೊಟ್ಟಿ ತುಂಬುವುದಿಲ್ಲ

ಮೊದಲು ಎಷ್ಟು ಬರಬೇಕಿತ್ತು ಎಂದು ಲೆಕ್ಕ ಹಾಕಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಕಾಂಕ್ರೀಟ್ ತಾರಸಿಯಿಂದ ಅದರ ಸುಮಾರು 85 ಶೇಕಡ, ಲೋಹದ ಶೀಟಿನಿಂದ 90 ಶೇಕಡ ಕೈಗೆ ಸಿಗುತ್ತದೆ. ಗಿಡ ಬೆಳೆಸಿದ ಹಸಿರು ಚಾವಣಿಯಿಂದ ಅರ್ಧವೂ ಬಾರದಿರಬಹುದು, ಮಣ್ಣು ಒಣಗಿದ್ದಾಗ ಬೀಳುವ ಸಣ್ಣ ಮಳೆಯಲ್ಲಿ ಏನೂ ಬಾರದಿರಬಹುದು. ಅದು ದೋಷವಲ್ಲ, ಅದರ ಕೆಲಸವೇ ಅದು.

200 ಚದರ ಮೀಟರ್ ಕಾಂಕ್ರೀಟ್ ತಾರಸಿ, 20 ಮಿ.ಮೀ. ಮಳೆ ಎಂದುಕೊಳ್ಳಿ. ಬರಬೇಕಾದ್ದು 3,400 ಲೀಟರ್. ಮೊದಲ ಒಂದು ಮಿಲಿಮೀಟರನ್ನು, ಅಂದರೆ 200 ಲೀಟರನ್ನು, ಹೊರಗೆ ಬಿಟ್ಟರೆ 3,200 ಉಳಿಯುತ್ತದೆ. ತೊಟ್ಟಿಯ ತಳ 3 ಮೀಟರ್ ಉದ್ದ, 2 ಮೀಟರ್ ಅಗಲ ಇದ್ದರೆ ಮಟ್ಟ ಸುಮಾರು 53 ಸೆಂಟಿಮೀಟರ್ ಏರಬೇಕು. ಮಳೆಗೆ ಮುಂಚೆ, ಮಳೆ ನಿಂತ ಮೇಲೆ ಎರಡು ಸಲ ಅಳೆಯಿರಿ. 45 ಸೆಂ.ಮೀ. ಏರಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. 20 ಏರಿದ್ದರೆ ನೀರು ದಾರಿಯಲ್ಲೆಲ್ಲೋ ತಪ್ಪಿಸಿಕೊಳ್ಳುತ್ತಿದೆ.

ತಾರಸಿಯ ತೂಬುಗಳ ಬಾಯಿ ನೋಡಿ. ಒಂದು ತೂಬು ಕಟ್ಟಿಕೊಂಡು, ತೊಟ್ಟಿಗೆ ಜೋಡಿಸದ ಇನ್ನೊಂದು ತೂಬಿನಿಂದ ನೀರು ಹೋಗುತ್ತಿರುವುದೇ ಅತಿ ಸಾಮಾನ್ಯ. ಆಮೇಲೆ ದಿಕ್ಕು ಬದಲಿಸುವ ವಾಲ್ವ್: ಬೇಸಿಗೆಯಲ್ಲಿ ತಾರಸಿ ತೊಳೆದಾಗ ಚರಂಡಿಗೆ ತಿರುಗಿಸಿದ್ದನ್ನು ಹಾಗೇ ಬಿಟ್ಟಿರುತ್ತಾರೆ.

ಮೂರನೆಯದು, ಮೊದಲ ಮಳೆ ಬೇರ್ಪಡಿಸುವ ಪೈಪು. ಹೆಚ್ಚಿನ ಗೊಂದಲ ಇರುವುದು ಇಲ್ಲಿಯೇ. ಮೊದಲ ಕೊಳೆನೀರು ಈ ಪೈಪಿನಲ್ಲಿ ತುಂಬಿದ ಮೇಲೆಯೇ ಉಳಿದ ನೀರು ತೊಟ್ಟಿಗೆ ಹೋಗುತ್ತದೆ. ಅದರ ತಳದ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರಬೇಕು, ಮಳೆ ನಿಂತ ಮೇಲೆ ಪೈಪು ತಾನಾಗಿ ಖಾಲಿಯಾಗಲು. ತೂತು 3 ಮಿ.ಮೀ. ಇದ್ದರೆ, ಒಂದೂವರೆ ಮೀಟರ್ ನೀರು ನಿಂತಾಗ ಗಂಟೆಗೆ ಸುಮಾರು 80 ಲೀಟರ್ ಸೋರುತ್ತದೆ. ಬೇಗ ಕಟ್ಟಿಕೊಳ್ಳುತ್ತದೆಂದು ಯಾರಾದರೂ ಅದನ್ನು 10 ಮಿ.ಮೀ.ಗೆ ಹಿಗ್ಗಿಸಿದರೆ ಗಂಟೆಗೆ 900 ಲೀಟರ್ ಮೀರುತ್ತದೆ. ಜಿಟಿಜಿಟಿ ಮಳೆಯ ನೀರೆಲ್ಲ ಅಲ್ಲೇ ಮುಗಿದುಹೋಗುತ್ತದೆ. ತದ್ವಿರುದ್ಧ ದೋಷವೂ ಇದೆ: ತೂತು ಕಟ್ಟಿಕೊಂಡು ಹೋದ ವಾರದ ಕೊಳೆನೀರು ಪೈಪಿನಲ್ಲೇ ನಿಂತಿದ್ದರೆ ಈ ವಾರದ ಕೊಳೆ ನೇರ ತೊಟ್ಟಿಗೆ ಹೋಗುತ್ತದೆ. ಆಗ ತೊಟ್ಟಿ ತುಂಬುತ್ತದೆ, ನೀರು ಕೆಡುತ್ತದೆ.

ನಾಲ್ಕನೆಯದಾಗಿ ಫಿಲ್ಟರ್. ಜಾಲರಿಯ ಮೇಲೆ ಪಾಚಿ, ಜಿಡ್ಡು ಕೂತಿದ್ದರೆ ನೀರು ಒಳಗೆ ಇಳಿಯದೆ ಪಕ್ಕದ ಕೊಳೆಕೊಳವೆಯಿಂದ ಹೊರಗೆ ಹಾರುತ್ತದೆ. ಒಂದು ಬಕೆಟ್ ನೀರು ಸುರಿದು ಎಷ್ಟು ಒಳಗಿಳಿಯಿತು, ಎಷ್ಟು ಹೊರಹೋಯಿತು ನೋಡಿ. ಮೆತ್ತನೆ ಬ್ರಷ್ಷಿನಿಂದ ಹಿಂಬದಿಯಿಂದ ತೊಳೆಯಿರಿ. ತಂತಿ ಬ್ರಷ್ ಹಾಕಿದರೆ ಜಾಲರಿಯ ಕಣ್ಣು ಅಗಲವಾಗುತ್ತದೆ.

ಇವೆಲ್ಲ ಸರಿಯಿದ್ದೂ ನೀರು ಉಳಿಯದಿದ್ದರೆ ತೊಟ್ಟಿಯ ಸೋರಿಕೆ ಪರೀಕ್ಷೆ. ಒಳಬರುವ, ಹೊರಹೋಗುವ ಎಲ್ಲ ವಾಲ್ವ್ ಮುಚ್ಚಿ, ಮಟ್ಟಕ್ಕೆ ಗುರುತು ಹಾಕಿ, 24 ಗಂಟೆ ಬಿಡಿ. ಮುಚ್ಚಿದ ತೊಟ್ಟಿಯಲ್ಲಿ ಆವಿಯಾಗುವುದು ನಗಣ್ಯ. 6 ಚದರ ಮೀಟರ್ ತಳದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಇಳಿದರೂ 60 ಲೀಟರ್ ಹೋಯಿತು. ಮಟ್ಟ ಇಳಿಯುತ್ತ ಹೋಗಿ ಒಂದು ಎತ್ತರದಲ್ಲಿ ನಿಂತರೆ, ಬಿರುಕು ಅಥವಾ ಸಡಿಲ ಜೋಡಣೆ ಇರುವುದು ಆ ಎತ್ತರದಲ್ಲೇ. ಎಲ್ಲಿಯೂ ನಿಲ್ಲದಿದ್ದರೆ ತಳದಲ್ಲಿದೆ. ಆಗ ಜಲನಿರೋಧಕ ಕೆಲಸ ತಿಳಿದವರನ್ನು ಕರೆಸಿ.

## ದೋಣಿ ಉಕ್ಕಿ ಗೋಡೆ ನೆನೆಯುತ್ತದೆ, ತಾರಸಿಯಲ್ಲಿ ನೀರು ನಿಲ್ಲುತ್ತದೆ

ಸಾಧಾರಣ ಮಳೆಗೂ ಉಕ್ಕಿದರೆ ಕಸ ಕಟ್ಟಿದೆ. ಜೋರು ಮಳೆಗೆ ಮಾತ್ರ ಉಕ್ಕಿದರೆ ಪೈಪಿನ ಅಳತೆ ಸಾಲದು. ಕಸ ತೆಗೆದ ಮೇಲೆ ದೋಣಿಯ ಒಂದು ತುದಿಯಲ್ಲಿ ಹೋಸ್ ಪೈಪಿನಿಂದ ನೀರು ಬಿಡಿ. ನಡುವೆ ಎಲ್ಲಾದರೂ ನಿಂತರೆ ಆ ಜಾಗದ ಬ್ರಾಕೆಟ್ ಜಗ್ಗಿದೆ. ಮೀಟರಿಗೆ 5ರಿಂದ 10 ಮಿ.ಮೀ. ಇಳಿಜಾರು ಇರಬೇಕು.

ಪೈಪಿನ ಅಳತೆಗೆ ಒಂದು ಒರಟು ಲೆಕ್ಕ: ಗಂಟೆಗೆ 100 ಮಿ.ಮೀ. ರಭಸದ ಮಳೆಗೆ 100 ಮಿ.ಮೀ. ವ್ಯಾಸದ ಒಂದು ಇಳಿಪೈಪು ಸುಮಾರು 40 ಚದರ ಮೀಟರ್ ಚಾವಣಿಗೆ ಸಾಕು. 75 ಮಿ.ಮೀ. ಪೈಪು 20 ಚದರ ಮೀಟರಿಗೆ ಮಾತ್ರ. 200 ಚದರ ಮೀಟರ್ ತಾರಸಿಗೆ ಎರಡೇ ಪೈಪು ಇಟ್ಟಿದ್ದರೆ ಎಷ್ಟು ಕಸ ತೆಗೆದರೂ ದೊಡ್ಡ ಮಳೆಗೆ ಉಕ್ಕಿಯೇ ಉಕ್ಕುತ್ತದೆ. ಒಂದಕ್ಕೊಂದು ಅಂಟಿಕೊಂಡ 90 ಡಿಗ್ರಿಯ ಎರಡು ಎಲ್ಬೋಗಳಿದ್ದರೆ ಅವೇ ಕಸ ಹಿಡಿಯುವ ತಾಣ. 45 ಡಿಗ್ರಿಯ ಬೆಂಡುಗಳಿಗೆ ಬದಲಿಸಿ.

ಹಸಿರು ಚಾವಣಿಯಲ್ಲಿ ತೂಬಿನ ಸುತ್ತ ಗಿಡವಿಲ್ಲದ ಜಲ್ಲಿಪಟ್ಟಿ ಇರಬೇಕು. ಸುಮಾರು 30 ಸೆಂ.ಮೀ. ಅಗಲವಿರಲಿ. ಬೇರು, ಮಣ್ಣು ತೂಬಿನ ಪೆಟ್ಟಿಗೆಯೊಳಗೆ ಕಂಡರೆ ಅಡಿಯಲ್ಲಿ ಹಾಸಿದ ಸೋಸುಬಟ್ಟೆ ಹರಿದಿದೆ. ಬೇರನ್ನು ಎಳೆದು ಕೀಳಬೇಡಿ, ಜಲನಿರೋಧಕ ಪದರವೂ ಜೊತೆಗೆ ಬಂದೀತು. ಕತ್ತರಿಸಿ ತೆಗೆಯಿರಿ.

ಇಲ್ಲಿ ನಿಲ್ಲಬೇಕಾದ ಗೆರೆ ಒಂದಿದೆ. ನಿಂತ ನೀರು 10 ಸೆಂ.ಮೀ. ಇದ್ದರೆ ಪ್ರತಿ ಚದರ ಮೀಟರಿಗೆ 100 ಕಿಲೋ ಭಾರ, ನೆನೆದ ಮಣ್ಣಿನ ಭಾರದ ಮೇಲೆ ಇದು ಹೆಚ್ಚುವರಿ. ಸ್ಲ್ಯಾಬಿನ ಕೆಳಗೆ ಹೊಸ ಬಿರುಕು, ಜಗ್ಗಿದ ಗುರುತು ಕಂಡರೆ ಕೆಳಗಿನ ಕೋಣೆಯಿಂದ ಜನರನ್ನು ಹೊರಗೆ ಕಳಿಸಿ ರಚನಾ ಎಂಜಿನಿಯರನ್ನು ಕರೆಯಿರಿ. ತಾರಸಿ ಹತ್ತಿ ಕಸ ತೆಗೆಯುವ ಸಾಹಸ ಬೇಡ.

## ನೀರಿಗೆ ಬಣ್ಣ, ವಾಸನೆ

ಗಾಜಿನ ಲೋಟದಲ್ಲಿ ನೀರು ಹಿಡಿದು ಬೆಳಕಿಗಿಟ್ಟು ನೋಡಿ, ಒಂದು ರಾತ್ರಿ ಹಾಗೇ ಬಿಡಿ. ತಳದಲ್ಲಿ ಕಂದು ಹೂಳು ಕೂತು ಮೇಲೆ ತಿಳಿಯಾದರೆ ಬಂದಿರುವುದು ಮಣ್ಣು, ಧೂಳು: ಮೊದಲ ಮಳೆ ಬೇರ್ಪಡುತ್ತಿಲ್ಲ, ಅಥವಾ ಒಳಬರುವ ನೀರು ತಳದ ಹೂಳನ್ನು ಕದಡುತ್ತಿದೆ. ಒಳಬರುವ ಪೈಪನ್ನು ತಳದವರೆಗೆ ಇಳಿಸಿ ತುದಿಯನ್ನು ಮೇಲ್ಮುಖವಾಗಿ ಬಗ್ಗಿಸಿದರೆ ಕದಡುವುದು ನಿಲ್ಲುತ್ತದೆ. ಪಂಪು ಎಳೆಯುವ ಬಾಯಿಯನ್ನು ತೇಲುಬುರುಡೆಗೆ ಕಟ್ಟಿ, ನೀರಿನ ಮೇಲ್ಮೈಯಿಂದ 10–15 ಸೆಂ.ಮೀ. ಕೆಳಗೆ ನಿಲ್ಲಿಸುವುದು ಇನ್ನೂ ಒಳ್ಳೆಯದು.

ರಾತ್ರಿ ಕಳೆದರೂ ತಿಳಿ ಚಹಾದ ಬಣ್ಣ ಹಾಗೇ ಉಳಿದರೆ ಅದು ನೆನೆದ ಎಲೆಗಳಿಂದ ಇಳಿದ ಟ್ಯಾನಿನ್. ಮರಳಿನ ಫಿಲ್ಟರ್ ಅದನ್ನು ತಡೆಯುವುದಿಲ್ಲ. ದೋಣಿಯ ಎಲೆ ತೆಗೆಯಬೇಕು, ಚಾಚಿದ ಕೊಂಬೆ ಸವರಬೇಕು. ಹಸಿರಾಗಿದ್ದರೆ ತೊಟ್ಟಿಗೆ ಬೆಳಕು ನುಗ್ಗುತ್ತಿದೆ. ಹಾಲಿನಂತೆ ಬೆಳ್ಳಗಿದ್ದು ಒಂದೆರಡು ನಿಮಿಷದಲ್ಲಿ ಲೋಟದ ತಳದಿಂದ ಮೇಲಕ್ಕೆ ತಿಳಿಯಾದರೆ ಬರೀ ಗಾಳಿಗುಳ್ಳೆ. ಬಚ್ಚಲಲ್ಲಿ ನೀಲಿ ಹಸಿರು ಕಲೆ ಬಿದ್ದರೆ ತಾಮ್ರದ ಪೈಪು ಕರಗುತ್ತಿದೆ. ಶುದ್ಧ ಮಳೆನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆಯಿದ್ದರೆ ಆಮ್ಲ) ಸುಮಾರು 5.6, ಅದರಲ್ಲಿ ಖನಿಜಗಳೂ ಇಲ್ಲ, ಹಾಗಾಗಿ ಲೋಹವನ್ನು ಕೊರೆಯುತ್ತದೆ. ತೊಟ್ಟಿಯಲ್ಲಿ ಸುಣ್ಣಕಲ್ಲಿನ ಚೂರು ಹಾಕಿದರೆ ಪಿಎಚ್ ಏರುತ್ತದೆ. ಹೊಸ ಕಾಂಕ್ರೀಟ್ ತೊಟ್ಟಿಯಲ್ಲಿ ಉಲ್ಟಾ: ನೀರು ಸೋಪಿನಂತೆ ಜಾರುತ್ತದೆ, ಪಿಎಚ್ 9 ದಾಟುತ್ತದೆ. ಕೆಲವು ಸಲ ತುಂಬಿ ಚೆಲ್ಲಿದ ಮೇಲೆ ಕಡಿಮೆಯಾಗುತ್ತದೆ.

ಮೊದಲ ಮಳೆ ಬೇರ್ಪಡಿಸುವ ಪೈಪು ಇದೆಯಲ್ಲ ಎಂದು ಸಮಾಧಾನ ಪಡಬೇಡಿ, ಅದರ ಗಾತ್ರ ಅಳೆಯಿರಿ. 100 ಮಿ.ಮೀ. ಪೈಪು ಮೀಟರಿಗೆ 8 ಲೀಟರ್ ಹಿಡಿಯುತ್ತದೆ, 150 ಮಿ.ಮೀ. ಪೈಪು ಸುಮಾರು 18 ಲೀಟರ್. 200 ಚದರ ಮೀಟರ್ ತಾರಸಿಗೆ ಒಂದು ಮೀಟರ್ ಉದ್ದದ ಪೈಪು ತೂಗುಹಾಕಿದರೆ ಬೇರ್ಪಡುವುದು 0.04 ಮಿ.ಮೀ. ಮಳೆ ಮಾತ್ರ. ಅದು ಲೆಕ್ಕಕ್ಕೇ ಇಲ್ಲ. ತಾರಸಿ ಸ್ವಚ್ಛವಾಗಿದ್ದರೆ ಕನಿಷ್ಠ ಅರ್ಧ ಮಿ.ಮೀ., ಹಕ್ಕಿಗಳು ಕೂರುವ, ರಸ್ತೆ ಧೂಳು ಬೀಳುವ ಕಡೆ 2 ಮಿ.ಮೀ.ವರೆಗೆ ಬಿಡಬೇಕು. ಈ ತಾರಸಿಗೆ ಅದು 100ರಿಂದ 400 ಲೀಟರ್. ಪೈಪಿನ ಕೆಲಸವಲ್ಲ, ಡ್ರಮ್ಮೇ ಬೇಕು.

ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದ ಹೂಳು ಗಾಳಿಯಿಲ್ಲದೆ ಕೊಳೆಯುತ್ತಿದೆ. ಮೇಲಿನಿಂದಲೇ ಕೊಳೆ ಎಳೆಯುವ ಪಂಪು ಬಿಟ್ಟು ಹೂಳು ತೆಗೆಸಿ, ಆಮೇಲೆ ಕ್ಲೋರಿನ್ ಹಾಕಿ. ಹೂಳಿರುವಾಗ ಹಾಕಿದ ಕ್ಲೋರಿನನ್ನು ಹೂಳೇ ತಿನ್ನುತ್ತದೆ. 33 ಶೇಕಡ ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿ 15 ಗ್ರಾಂ, ಸಾವಿರ ಲೀಟರಿಗೆ ಸುಮಾರು 5 ಮಿಲಿಗ್ರಾಂ ಪ್ರತಿ ಲೀಟರ್ ಆಗುತ್ತದೆ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ತಿಳಿಯನ್ನು ಮಾತ್ರ ಸುರಿಯಿರಿ. ಅರ್ಧ ಗಂಟೆ ಬಿಟ್ಟು ಪರೀಕ್ಷಾ ಕಿಟ್ಟಿನಲ್ಲಿ ನೋಡಿ: ಉಳಿದ ಕ್ಲೋರಿನ್ 0.2 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ ಇನ್ನೂ ಕೊಳೆಯಿದೆ, 0.5ರ ಆಸುಪಾಸಿಗೆ ಇಳಿಯುವವರೆಗೆ ಬಳಸಬೇಡಿ. ಬ್ಲೀಚಿಂಗ್ ಪುಡಿ ಮತ್ತು ಆ್ಯಸಿಡ್ ಒಟ್ಟಿಗೆ ಸೇರಲೇಕೂಡದು, ವಿಷಾನಿಲ ಬರುತ್ತದೆ.

ಮಲದ ವಾಸನೆ ಬಂದರೆ ಪರೀಕ್ಷೆಗಳನ್ನೆಲ್ಲ ಬದಿಗಿಟ್ಟು ಎಲ್ಲ ಬಳಕೆ ನಿಲ್ಲಿಸಿ. ಓವರ್‌ಫ್ಲೋ ಪೈಪನ್ನು ಒಳಚರಂಡಿಗೆ ಜೋಡಿಸಿ, ಒಮ್ಮುಖ ಮುಚ್ಚಳ ಹಾಕದಿದ್ದರೆ, ಚರಂಡಿ ತುಂಬಿದಾಗ ಕೊಳಚೆ ತೊಟ್ಟಿಗೇ ಹಿಂದಿರುಗುತ್ತದೆ. ಆ ಜೋಡಣೆ ಕಡಿದು, ತೊಟ್ಟಿ ಶುದ್ಧಿ ಮಾಡಿ, ಪ್ರಯೋಗಾಲಯದ ವರದಿ ಬಂದ ಮೇಲೆಯೇ ನಲ್ಲಿ ತೆರೆಯಬೇಕು.

ಚಾವಣಿಯಲ್ಲಿ ಸೀಸದ ಪಟ್ಟಿ, ಡಾಂಬರು ಲೇಪ ಅಥವಾ ಕಲ್ನಾರಿನ ಶೀಟು ಇದ್ದರೆ ಆ ನೀರು ಎಷ್ಟೇ ತಿಳಿಯಾಗಿರಲಿ, ಕುಡಿಯಲು ಬೇಡ. ಕಲ್ನಾರಿನ ಶೀಟನ್ನು ಬ್ರಷ್ಷಿನಿಂದ ಉಜ್ಜುವುದೂ ಬೇಡ, ಅದರ ನಾರು ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ.

## ಪಂಪು ಓಡುತ್ತದೆ, ನೀರು ಬರುವುದಿಲ್ಲ

ತೊಟ್ಟಿಯಲ್ಲಿ ನೀರಿದೆಯೇ ನೋಡಿ, ಆಮೇಲೆ ಪಂಪಿನ ಮುಂದಿನ ಜಾಲರಿ ತೊಳೆಯಿರಿ. ಅದಾದ ಮೇಲೆ ಫುಟ್ ವಾಲ್ವ್ (ಎಳೆಯುವ ಪೈಪಿನ ತುದಿಯಲ್ಲಿದ್ದು, ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್): ಪಂಪಿಗೆ ನೀರು ತುಂಬಿಸಿ ಹತ್ತು ನಿಮಿಷ ಬಿಟ್ಟಾಗ ನೀರು ಇಳಿದುಹೋದರೆ ವಾಲ್ವಿನಲ್ಲಿ ಕಸ ಸಿಕ್ಕಿದೆ. ನಿಂತಿದ್ದೂ ಎಳೆಯದಿದ್ದರೆ ಎಳೆಯುವ ಪೈಪಿನ ಜೋಡಣೆಯಲ್ಲಿ ಗಾಳಿ ಹಿಡಿಯುತ್ತಿದೆ. ಜೋಡಣೆಗಳಿಗೆ ಸೋಪಿನ ನೊರೆ ಬಳಿದರೆ ಸೋರುವ ಕಡೆ ನೊರೆ ಒಳಕ್ಕೆ ಎಳೆದುಕೊಳ್ಳುತ್ತದೆ.

ಯಾರೂ ನಲ್ಲಿ ತೆರೆಯದಿದ್ದರೂ ಪಂಪು ಆಗಾಗ ಹೊತ್ತಿಕೊಂಡು ಆರುತ್ತಿದ್ದರೆ ಫ್ಲಶ್ ಟ್ಯಾಂಕೊಂದು ಸೋರುತ್ತಿರಬಹುದು. ಟ್ಯಾಂಕಿಗೆ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಅದೇ. ಬಿಸಿಯಾದ ಮೋಟರನ್ನು ಮತ್ತೆ ಮತ್ತೆ ಹಾಕಬೇಡಿ. ಸ್ವಿಚ್ ಹಾಕಿದ ಕೂಡಲೇ ಬ್ರೇಕರ್ ಬಿದ್ದರೆ ಅಲ್ಲಿಗೆ ನಿಲ್ಲಿಸಿ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ವರ್ಷಕ್ಕೊಮ್ಮೆ ಇನ್ನೊಂದು ಪರೀಕ್ಷೆ ಮಾಡಲೇಬೇಕು. ಮಳೆನೀರಿನ ಪಂಪು ಆರಿಸಿ, ಅದರ ಮುಖ್ಯ ವಾಲ್ವ್ ಮುಚ್ಚಿ, ಆ ಸಾಲಿನ ನಲ್ಲಿಗಳನ್ನೆಲ್ಲ ತೆರೆಯಿರಿ. ನೀರು ನಿಲ್ಲಬೇಕು. ನಿಲ್ಲದಿದ್ದರೆ ಕುಡಿಯುವ ನೀರಿನ ಸಾಲು ಎಲ್ಲೋ ಇದಕ್ಕೆ ಜೋಡಣೆಯಾಗಿದೆ, ಒತ್ತಡ ಕುಸಿದ ದಿನ ಸಂಪಿನ ನೀರು ಕುಡಿಯುವ ಪೈಪಿಗೆ ಹೋಗುತ್ತದೆ. ತೊಟ್ಟಿಗೆ ಹೊರಗಿನ ನೀರು ತುಂಬಿಸುವ ಪೈಪಿನ ಬಾಯಿ ಓವರ್‌ಫ್ಲೋ ಮಟ್ಟಕ್ಕಿಂತ ಪೈಪಿನ ವ್ಯಾಸದ ಎರಡರಷ್ಟಾದರೂ ಮೇಲಿರಬೇಕು. ಈ ಗಾಳಿಯಂತರದಷ್ಟು ನಂಬಿಕಸ್ತ ವಾಲ್ವ್ ಇನ್ನೊಂದಿಲ್ಲ.

## ಇಂಗುಗುಂಡಿ, ಮಳೆತೋಟದಲ್ಲಿ ನೀರು ಇಂಗುವುದಿಲ್ಲ

ಮಳೆ ನಿಂತ 48 ಗಂಟೆಯೊಳಗೆ ಇಂಗುಗುಂಡಿ ಖಾಲಿಯಾಗಬೇಕು, ಮಳೆತೋಟದ (ಮಳೆನೀರು ಹರಿದುಬಂದು ಇಂಗುವ ತಗ್ಗಿನ ತೋಟ) ಮೇಲೆ ನಿಂತ ನೀರು 24 ಗಂಟೆಯೊಳಗೆ. ಗುಂಡಿಗೆ ಗುರುತು ಹಾಕಿದ ಕೋಲು ಇಳಿಸಿ ಮೊದಲ ದಿನ ಗಂಟೆಗೊಮ್ಮೆ, ಮರುದಿನ ಎರಡು ಸಲ ಮಟ್ಟ ಬರೆದುಕೊಳ್ಳಿ. ಈ ಅಂಕಿಗಳು ಬಹಳ ಹೇಳುತ್ತವೆ. ಉದ್ದಕ್ಕೂ ನಿಧಾನವಾಗಿ ಇಳಿದರೆ ಮೇಲಿನ ಮರಳಿನ ಪದರದಲ್ಲಿ ಹೂಳು ಕಟ್ಟಿದೆ ಅಥವಾ ಮಣ್ಣೇ ಜೇಡಿ. ಬೇಗ ಇಳಿದು ಒಂದು ಮಟ್ಟದಲ್ಲಿ ಗಕ್ಕನೆ ನಿಂತರೆ ಎರಡು ಸಾಧ್ಯತೆ: ತಳ ಕಟ್ಟಿಕೊಂಡು ಪಕ್ಕದ ಗೋಡೆಗಳಿಂದ ಮಾತ್ರ ಇಂಗುತ್ತಿದೆ, ಇಲ್ಲವೇ ಅಂತರ್ಜಲವೇ ಅಲ್ಲಿವರೆಗೆ ಬಂದಿದೆ. ಹತ್ತಿರದ ಬಾವಿಯ ಮಟ್ಟ ಹೋಲಿಸಿ ನೋಡಿ. ಎರಡೂ ಒಂದೇ ಆಗಿದ್ದರೆ ಆಳ ತೋಡುವುದರಿಂದ ಪ್ರಯೋಜನವಿಲ್ಲ. ಆಳ ಕಡಿಮೆ ಮಾಡಿ ಅಗಲ ಹೆಚ್ಚಿಸಬೇಕು. ಗುಂಡಿಯ ತಳಕ್ಕೂ ಅಂತರ್ಜಲದ ಗರಿಷ್ಠ ಮಟ್ಟಕ್ಕೂ ಒಂದು ಮೀಟರಾದರೂ ಅಂತರ ಬೇಕು.

ಮರಳಿನ ಮೇಲಿನ 5–10 ಸೆಂ.ಮೀ. ಕೆರೆದು ಹೊಸ ಮರಳು ಹಾಕುವುದು ಅಗ್ಗದ ಚಿಕಿತ್ಸೆ. ಆದರೆ ಮುಂದಿನ ಮಳೆಯಲ್ಲಿ ಒಳಬರುವ ನೀರನ್ನು ಬಾಟಲಿಯಲ್ಲಿ ಹಿಡಿದು ಇಡಿ. ತಳದಲ್ಲಿ ಬೆರಳಷ್ಟು ಮಣ್ಣು ಕೂತರೆ ಹೂಳು ತಡೆಯುವ ಚೇಂಬರ್ ಕಟ್ಟದೆ ಮರಳು ಬದಲಿಸಬೇಡಿ. ಕಟ್ಟಡದ ಕೆಲಸ ಮುಗಿದು, ಅಂಗಳದಲ್ಲಿ ಹುಲ್ಲು ಹಿಡಿಯುವ ಮೊದಲೇ ಇಂಗುಗುಂಡಿಗೆ ನೀರು ಬಿಟ್ಟಿದ್ದರೆ, ಸಿಮೆಂಟು ಮತ್ತು ಮಣ್ಣಿನ ರಾಡಿ ಒಳಗಿನ ಜಲ್ಲಿಯವರೆಗೂ ಇಳಿದಿರುತ್ತದೆ. ಆಗ ಎಲ್ಲವನ್ನೂ ತೆಗೆದು ತೊಳೆಯದೆ ಬೇರೆ ದಾರಿಯಿಲ್ಲ. ಹೊಸ ಯೋಜನೆಗಳಲ್ಲಿ ಆಗುವ ಅತಿ ದುಬಾರಿ ತಪ್ಪು ಇದು.

ಮಣ್ಣಿನ ಗುಣ ತಿಳಿಯಲು ಪಕ್ಕದಲ್ಲಿ 30 ಸೆಂ.ಮೀ. ಅಗಲದ ಕುಳಿ ತೋಡಿ, ಒಂದು ದಿನ ನೀರು ತುಂಬಿಸಿ ನೆನೆಸಿ, ಮತ್ತೆ 15 ಸೆಂ.ಮೀ. ನೀರು ಹಾಕಿ ಗಂಟೆಗೆ ಎಷ್ಟು ಇಳಿಯುತ್ತದೆ ಅಳೆಯಿರಿ. 25 ಮಿ.ಮೀ. ದಾಟಿದರೆ ಒಳ್ಳೆಯ ಮಣ್ಣು. 5ಕ್ಕಿಂತ ಕಡಿಮೆಯಿದ್ದರೆ ಇಂಗಿಸುವ ಆಸೆ ಬಿಟ್ಟು, ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ತೊಟ್ಟಿ ಯೋಜಿಸಿ. ಅಂಥ ತೊಟ್ಟಿಯಲ್ಲಿ ಹೊರಬಿಡುವ ಸಣ್ಣ ರಂಧ್ರಕ್ಕೆ ಕಸ ಸಿಕ್ಕಿಕೊಳ್ಳುವುದೇ ಮುಖ್ಯ ತೊಂದರೆ. ಎರಡು ದಿನವಾದರೂ ಖಾಲಿಯಾಗದಿದ್ದರೆ ಮೊದಲು ಅದನ್ನೇ ನೋಡಿ.

ಮಳೆತೋಟಕ್ಕೆ ನೀರೇ ಬಾರದಿದ್ದರೆ ಒಳಬಾಯಿಯಲ್ಲಿ ಹುಲ್ಲು, ಮಣ್ಣು ದಿಬ್ಬವಾಗಿದೆ. ಅಲ್ಲಿ ನೆಲ ಅಂಚಿಗಿಂತ 5 ಸೆಂ.ಮೀ. ತಗ್ಗಿರಲಿ. ತದ್ವಿರುದ್ಧವಾಗಿ ನೀರು ಕ್ಷಣದಲ್ಲಿ ಮಾಯವಾಗಿ ಗಿಡ ಬಾಡುತ್ತಿದ್ದರೆ ಬಣ್ಣದ ನೀರು ಸುರಿಯಿರಿ. ಅಡಿಯ ಬಸಿಪೈಪಿನಲ್ಲಿ ಕೆಲವೇ ನಿಮಿಷದಲ್ಲಿ ಬಣ್ಣ ಕಂಡರೆ ಮಣ್ಣಿನಲ್ಲಿ ಬಿಲ ಬಿದ್ದಿದೆ.

ವಾಹನ ನಿಲ್ಲಿಸುವ ಜಾಗದ ಎಣ್ಣೆ ಮಿಶ್ರಿತ ನೀರನ್ನು ಇಂಗುಗುಂಡಿಗೆ ಬಿಡಬೇಡಿ, ಕೊಳವೆಬಾವಿಗಂತೂ ಬೇಡವೇ ಬೇಡ. ಅಂತರ್ಜಲಕ್ಕೆ ಸೇರಿದ ಎಣ್ಣೆಯನ್ನು ಹಿಂದಕ್ಕೆ ತೆಗೆಯಲಾಗುವುದಿಲ್ಲ.

## ನೀರು ಇಂಗುವ ಕಲ್ಲುಹಾಸಿನ ಮೇಲೆ ಕೊಚ್ಚೆ

30 ಸೆಂ.ಮೀ. ವ್ಯಾಸದ ಉಂಗುರವನ್ನು ಹಾಸಿನ ಮೇಲಿಟ್ಟು ಅಂಚಿಗೆ ಪುಟ್ಟಿ ಮೆತ್ತಿ, 3.6 ಲೀಟರ್ ನೀರು ಸುರಿಯಿರಿ. ಅದು 51 ಮಿ.ಮೀ. ಮಳೆಗೆ ಸಮ. 5 ನಿಮಿಷದಲ್ಲಿ ಇಂಗಿದರೆ ಗಂಟೆಗೆ 600 ಮಿ.ಮೀ. ಮೀರಿದ ವೇಗ, ಚಿಂತೆಯಿಲ್ಲ. 12 ನಿಮಿಷ ದಾಟಿದರೆ ಹೀರುಯಂತ್ರದಿಂದ ಸಂದಿಗಳ ಕೊಳೆ ಎಳೆಸಿ, 2–5 ಮಿ.ಮೀ. ಜಲ್ಲಿಚೂರು ತುಂಬಿಸಿ. ನಯ ಮರಳು ತುಂಬಿಸಿದರೆ ಸಂದಿ ಮತ್ತೆ ಮುಚ್ಚಿಹೋಗುತ್ತದೆ. ಒತ್ತಡದ ನೀರು ನೇರ ಕೆಳಕ್ಕೆ ಹಾಯಿಸಿದರೆ ಕೊಳೆ ಇನ್ನೂ ಆಳಕ್ಕೆ ಹೋಗುತ್ತದೆ.

## ಸೊಳ್ಳೆ

ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಬೆಚ್ಚಗಿನ ದಿನಗಳಲ್ಲಿ ಒಂದು ವಾರದಿಂದ ಹತ್ತು ದಿನ ಸಾಕು. ತೊಟ್ಟಿಯ ಮುಚ್ಚಳಕ್ಕಿಂತ ಮೊದಲು ಓವರ್‌ಫ್ಲೋ ಮತ್ತು ಗಾಳಿಕೊಳವೆಯ ಬಾಯಿ ನೋಡಿ, ಒಂದು ಮಿ.ಮೀ.ಗಿಂತ ಸಣ್ಣ ಕಣ್ಣಿನ ಜಾಲರಿ ಇರಬೇಕು. ನೀರು ನಿಲ್ಲುವ ದೋಣಿ, ಖಾಲಿಯಾಗದ ಮೊದಲ ಮಳೆಯ ಪೈಪು, ಚೇಂಬರಿನ ತಳ, ಇವು ಮರೆತುಹೋಗುವ ತಾಣಗಳು.

## ನೆಲಮಾಳಿಗೆಯ ಗೋಡೆ ಒದ್ದೆ

ಗೋಡೆಯ ಒದ್ದೆ ಜಾಗಕ್ಕೆ 60 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಟೇಪಿನಿಂದ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿ ಕಟ್ಟಿದರೆ ಕೋಣೆಯ ಗಾಳಿಯ ತೇವ. ಗಾಳಿ ಆಡಿಸಿದರೆ ಸಾಕು. ಹಾಳೆಯ ಒಳಗೆ, ಗೋಡೆಯ ಕಡೆ ಹನಿ ಇದ್ದರೆ ನೀರು ಗೋಡೆಯ ಹಿಂದಿನಿಂದ ಬರುತ್ತಿದೆ.

ಆಗ ಇಳಿಪೈಪಿನ ನೆಲದಡಿಯ ಜೋಡಣೆ, ಓವರ್‌ಫ್ಲೋ ಬೀಳುವ ಜಾಗ, ಇಂಗುಗುಂಡಿ, ಈ ಮೂರಕ್ಕೂ ಬೇರೆ ಬೇರೆ ದಿನ ಬೇರೆ ಬೇರೆ ಬಣ್ಣದ ನೀರು ಬಿಟ್ಟು ಗೋಡೆ ನೋಡಿ. ಬಣ್ಣ ಬರಲು ಒಂದೆರಡು ದಿನ ಹಿಡಿಯಬಹುದು, ಅವಸರ ಬೇಡ. ಇಂಗುಗುಂಡಿ ಅಡಿಪಾಯದಿಂದ 3 ಮೀಟರಿಗಿಂತ ಹತ್ತಿರವಿದ್ದರೆ ಬಣ್ಣಕ್ಕೆ ಕಾಯದೆ ನೀರು ಬಿಡುವುದನ್ನು ನಿಲ್ಲಿಸಿ ಓವರ್‌ಫ್ಲೋವನ್ನು ದೂರಕ್ಕೆ ತಿರುಗಿಸಿ. ಜೇಡಿಮಣ್ಣಿನಲ್ಲಿ 5 ಮೀಟರ್ ಬೇಕು. ಒಳಗಿನಿಂದ ಜಲನಿರೋಧಕ ಬಳಿಯುವುದು ಕೊನೆಯ ಕೆಲಸ, ಹಿಂದಿನ ನೀರು ನಿಲ್ಲದೆ ಬಳಿದರೆ ಗುಳ್ಳೆ ಎದ್ದು ಸುಲಿಯುತ್ತದೆ.

ಗೋಡೆಯ ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ ವಾರಕ್ಕೊಮ್ಮೆ ಅಂತರ ಅಳೆಯಿರಿ. ಅಂತರ ಬೆಳೆಯುತ್ತಿದ್ದರೆ, ಬಾಗಿಲು ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾದರೆ, ಇಲ್ಲವೇ ಬಸಿಯುವ ನೀರಿನೊಂದಿಗೆ ಮಣ್ಣು ಬರುತ್ತಿದ್ದರೆ ಅಡಿಪಾಯದ ಕೆಳಗಿನ ಮಣ್ಣು ಕೊಚ್ಚಿಹೋಗುತ್ತಿರಬಹುದು. ಅಂದೇ ರಚನಾ ಎಂಜಿನಿಯರನ್ನು ಕರೆಯಿರಿ, ಅವರು ನೋಡುವವರೆಗೆ ಆ ಬದಿಗೆ ಒಂದು ಹನಿ ಮಳೆನೀರೂ ಹೋಗದಂತೆ ಇಳಿಪೈಪನ್ನು ತಾತ್ಕಾಲಿಕ ಪೈಪಿನಿಂದ ದೂರಕ್ಕೆ ಹರಿಸಿ.